ಝಂಡಾ ಮಾಸ್ತರನ ಆಯೇರಿ

ಆಗಸ್ಟ್ 3, ಭಾನುವಾರ, ರಾಯಚೂರು

ಬೀರುವಿನಿಂದ ಧ್ವಜದ ಪಿನ್ನುಗಳ ಡಬ್ಬಿ ಹೊರಗೆ ಬಂತು. ಹಿಂಬದಿಯ ಹಿತ್ತಾಳೆ ಕಪ್ಪಾಗಿತ್ತು, ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತೆ. "ದೇವರ ಸಾಮಾನು ಒಂದಿನಾನೂ ಹಿಂಗ ತಿಕ್ಕಲಿಲ್ಲ ನೀವು," ಅಂದಳು ಚಂದ್ರಕಲಾ. ಮದುವೆಯಾದಾಗಿನಿಂದ ಪ್ರತಿ ಆಗಸ್ಟಿನಲ್ಲಿ ಇದೇ ಮಾತು, ಇದೇ ಹುಣಸೆಹಣ್ಣು.

ನಾನು ದೇವದುರ್ಗದ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಮಕ್ಕಳು ಎದುರಿಗೆ ಪ್ರಭುರಾಜ ಸರ್ ಅನ್ನುತ್ತಾರೆ, ಬೆನ್ನ ಹಿಂದೆ ಝಂಡಾ ಮಾಸ್ತರ ಅನ್ನುತ್ತಾರೆ. ಎರಡನೆಯದೇ ನನಗೆ ಹೆಚ್ಚು ಇಷ್ಟ. ಅದು ಅವರಿಗೆ ಗೊತ್ತಾಗಬಾರದು ಅಂತ ಕೇಳಿಸಿದಾಗಲೆಲ್ಲ ಗದರಿಸುತ್ತೇನೆ. ಬಟ್ಟೆಯ ಮೇಲೆ ಧ್ವಜ ಎಲ್ಲಿರಬೇಕು, ಎಲ್ಲಿರಬಾರದು ಎಂಬ ವಿಷಯದಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಈ ವಿಷಯದಲ್ಲಿ ನನ್ನ ಜೊತೆ ಪೈಪೋಟಿಗೆ ಬಿದ್ದವರೂ ಯಾರೂ ಇಲ್ಲ ಎನ್ನುವುದನ್ನು ಇಲ್ಲಿ ಮಾತ್ರ ಬರೆಯಬಹುದು.

ಮೊನ್ನೆ ಬಸ್ಸಿನಲ್ಲಿ ಕಲ್ಮಲದ ಹತ್ತಿರ ಒಬ್ಬ ತರುಣ ಹತ್ತಿದ. ಪ್ಯಾಂಟಿನ ಹಿಂದಿನ ಜೇಬಿನ ಮೇಲೆ ಧ್ವಜದ ಸ್ಟಿಕರ್! ಇಡೀ ಬಸ್ಸಿಗೆ ಕೇಳುವ ಹಾಗೆ ತಿಳಿಸಿ ಹೇಳಿದೆ. ಪಾಪ, ಮುಂದಿನ ಸ್ಟಾಪಿನಲ್ಲೇ ಇಳಿದುಹೋದ. ಅವನ ಊರು ಅದೇ ಇರಬೇಕು.

ಸಂತೋಷದ ಸುದ್ದಿ: ಮಗಳು ಸ್ವಪ್ನಾಳ ಮದುವೆ ಮಾತು ಹದಿನೈದನೇ ತಾರೀಖು ಪಕ್ಕಾ ಆಗಲಿದೆ. ರಜೆಯೂ ಹೌದು, ಶ್ರಾವಣ ಶುಕ್ರವಾರವೂ ಹೌದು. ದೇವದುರ್ಗದಲ್ಲಿ ಧ್ವಜಾರೋಹಣ ಮುಗಿಸಿ ನೇರ ಮಾನ್ವಿಗೆ ಹೋಗುವುದು, ಅಲ್ಲಿ ರೈಸ್ ಮಿಲ್ಲಿನ ಗಡಿಗೆಪ್ಪನವರ ಮನೆಯಲ್ಲಿ ಸಕ್ಕರೆ ತಿನ್ನುವುದು. ಹುಡುಗ ಮೌನೇಶ, ಅವರ ಎರಡನೇ ಮಗ. ಬಂದ ವರಗಳಿಗೆಲ್ಲ ಏನಾದರೊಂದು ಕೊಂಕು ತೆಗೆಯುತ್ತಿದ್ದ ನನ್ನ ಮಗಳು ಇವನಲ್ಲಿ ಏನೂ ತೆಗೆಯಲಿಲ್ಲ. ಕೊಂಕು ತೆಗೆಯುವ ಗುಣ ಯಾರಿಂದ ಬಂತು ಎಂದು ಚಂದ್ರಕಲಾ ನನ್ನ ಮುಖ ನೋಡಿಯೇ ಕೇಳುತ್ತಾಳೆ.

ಆಗಸ್ಟ್ 9, ಶನಿವಾರ

ಗಡಿಗೆಪ್ಪನವರ ಫೋನು. "ಬೀಗರ," ಎಂದು ಈಗಲೇ ಕರೆಯಲು ಶುರುಮಾಡಿದ್ದಾರೆ. ಕಿವಿಗೆ ಹಿತವಾಯಿತು.

"ಬೀಗರ, ನಿಮಗ ಝಂಡಾ ಅಂದ್ರ ಭಾಳ ಪ್ರೀತಿ ಅಂತಲ್ರಿ? ಮೌನೇಶ ಹೇಳಿದ."

"ಪ್ರೀತಿ ಅಲ್ರಿ, ಅದು ನನ್ನ ಜೀವ," ಅಂದೆ. ಸುಮ್ಮನಿದ್ದರೆ ಆಗುತ್ತಿತ್ತು. ಅರ್ಧ ತಾಸು ಭಾಷಣ ಬಿಗಿದೆ. ನಡುವೆ ಅವರು, "ಹಂಗಾದ್ರ ನಿಮ್ಮ ಆಯೇರಿ ಬಟ್ಟಿ ಸಲುವಾಗಿ ನನ್ನ ತಲಿಯಾಗ ಒಂದು ವಿಚಾರ ಅದ," ಅಂದರು. ನಾನು ಆಗ ಕೇಸರಿ ಬಣ್ಣದ ಮಹತ್ವ ವಿವರಿಸುತ್ತಿದ್ದೆ, ಯಾವ ವಿಚಾರ ಅಂತ ಕೇಳಲಿಲ್ಲ.

ಆಗಸ್ಟ್ 14, ಗುರುವಾರ

ಬಿಳಿ ಅಂಗಿ, ಬಿಳಿ ಪ್ಯಾಂಟು ಇಸ್ತ್ರಿ ಆಯಿತು. ಪಿನ್ನು ಈಗಲೇ ಚುಚ್ಚಿಟ್ಟೆ: ಎಡಗಡೆ, ಎದೆಯ ಮೇಲೆ, ಕೇಸರಿ ಮೇಲಕ್ಕೆ. ನಂತರ ಸ್ಕೇಲ್ ಹಿಡಿದು ಸರಿಮಾಡಿದೆ. ಸ್ವಪ್ನಾ ನೋಡಿ ನಕ್ಕಳು. ನಾಳೆ ಅವಳ ದಿನ, ನನ್ನ ದಿನವಲ್ಲ ಎಂದು ಚಂದ್ರಕಲಾ ನೆನಪಿಸಿದಳು. ಒಪ್ಪಿದೆ.

ಆಗಸ್ಟ್ 16, ಶನಿವಾರ

ನಿನ್ನೆ ಬರೆಯಲು ಕೈ ಬರಲಿಲ್ಲ.

ದೇವದುರ್ಗದಲ್ಲಿ ಎಲ್ಲ ಚೆನ್ನಾಗೇ ಆಯಿತು. ಮುಖ್ಯೋಪಾಧ್ಯಾಯಿನಿ ಶಹಜಾದಿ ಬೇಗಂ ಹಗ್ಗ ಎಳೆದ ಕೂಡಲೇ ಧ್ವಜ ಬಿಚ್ಚಿಕೊಂಡಿತು, ಹೂವು ಉದುರಿದವು. ಅಲ್ಲಿಂದ ಕಾರು ಮಾಡಿಕೊಂಡು ಸಿರವಾರದ ಮೇಲೆ ಮಾನ್ವಿಗೆ ಹೋದೆವು. ನಾನು, ಚಂದ್ರಕಲಾ, ನಮ್ಮ ಕಡೆಯ ಹಿರಿಯರು; ಪದ್ಧತಿಯಂತೆ ಸ್ವಪ್ನಾ ಮನೆಯಲ್ಲೇ ಉಳಿದಳು. ಪಡಸಾಲೆ ತುಂಬ ಮಂದಿ. ಗಡಿಗೆಪ್ಪನವರ ಹೆಂಡತಿ ನೀಲಗಂಗಮ್ಮ ಚಂದ್ರಕಲಾಳಿಗೆ ಉಡಿ ತುಂಬಿದರು. ಮೌನೇಶ ಬಂದು ಕಾಲಿಗೆ ಬಿದ್ದ. ಸಕ್ಕರೆಯ ಬಟ್ಟಲು ನಡುವೆ ಇತ್ತು, ಇನ್ನು ತಿನ್ನುವುದಷ್ಟೇ ಬಾಕಿ.

ಅದಕ್ಕೂ ಮೊದಲು ಆಯೇರಿ. ಬೀಗರು ಕೊಟ್ಟ ಬಟ್ಟೆಯನ್ನು ಅಲ್ಲೇ ಉಟ್ಟು ಬಂದು ಕೂರಬೇಕು, ಆಮೇಲೆ ಸಕ್ಕರೆ. ಗಡಿಗೆಪ್ಪನವರು ತಾಟು ಹಿಡಿದು ಬಂದರು. ಮುಖ ಅರಳಿತ್ತು.

"ಬೀಗರ, ಇದು ಅಂಗಡ್ಯಾಗ ಸಿಗೂದಲ್ಲ. ನಿಮ್ಮ ಸಲುವಾಗೇ ಹೇಳಿ ಮಾಡಿಸೀನಿ," ಎಂದು ಧೋತರ ಬಿಚ್ಚಿ ಹಿಡಿದರು.

ಬೆಳ್ಳನೆಯ ಧೋತರ. ಅಂಚಿನ ತುಂಬ ಸಾಲುಸಾಲು ರಾಷ್ಟ್ರಧ್ವಜ. ಒಂದೊಂದರ ನಡುವೆಯೂ ನೀಲಿ ಚಕ್ರ, ಅರಗಳು ಕೂಡ ಸ್ಪಷ್ಟವಾಗಿ ಕಾಣುತ್ತಿದ್ದವು. ಉಟ್ಟರೆ ಅಷ್ಟೂ ಧ್ವಜ ಮೀನಖಂಡದ ಸುತ್ತ ಬರುತ್ತವೆ.

ನನಗೆ ಬೆವರು ಬಂತು. ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಬೆವರಬಹುದು. ಆದರೆ ನನಗೆ ಗಂಟಲೂ ಇದೆ, ಅದು ಮೈದಾನದಲ್ಲಿ ಪಳಗಿದ ಗಂಟಲು.

"ಇದನ್ನ ಉಡಾಕ ಬರಂಗಿಲ್ರಿ! ಸೊಂಟದ ಕೆಳಗ ರಾಷ್ಟ್ರಧ್ವಜ ಉಡೂದು ಅಪರಾಧ ಅದ. ಮೂರು ವರ್ಷದ ತನಕ ಜೈಲು ಅದ!"

ಹೇಳಿ, ತಾಟನ್ನು ತಿರುಗಿ ಅವರ ಕೈಗೇ ಇಟ್ಟೆ.

ಪಡಸಾಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಲ್ಲರ ಕಣ್ಣೂ ಗಡಿಗೆಪ್ಪನವರ ಕಾಲ ಕಡೆ ಹೋದವು. ಆಗ ನಾನೂ ನೋಡಿದೆ. ಅವರೂ ಅದೇ ಧೋತರ ಉಟ್ಟಿದ್ದರು. ಬೀಗರಿಬ್ಬರೂ ಜೋಡಿಯಾಗಿ ಕಾಣಬೇಕು ಅಂತ ಎರಡು ಮಾಡಿಸಿದ್ದರಂತೆ.

ಅವರು ತಾಟು ಹಿಡಿದೇ ಒಳಗೆ ಹೋದರು. ಹಳೆಯ ಧೋತರ ಉಟ್ಟು ಹೊರಗೆ ಬಂದರು. "ಮಾಸ್ತರ್ರ, ಊಟ ಮಾಡ್ಕೊಂಡು ಹೋಗ್ರಿ," ಅಂದರು. ಬೀಗರ ಅನ್ನಲಿಲ್ಲ. ಸಕ್ಕರೆಯ ಬಟ್ಟಲನ್ನು ನೀಲಗಂಗಮ್ಮ ಸೆರಗು ಮುಚ್ಚಿ ಒಳಗೆ ಒಯ್ದರು.

ನಮ್ಮಲ್ಲಿ ಆಯೇರಿ ತಾಟು ತಿರುಗಿಸಿದರೆ ಸಂಬಂಧ ತಿರುಗಿಸಿದ ಹಾಗೆ. ಅದು ನನಗೂ ಗೊತ್ತು, ಆದರೆ ಆ ಹೊತ್ತಿಗೆ ನನಗೆ ಕಾಯಿದೆ ಮಾತ್ರ ಗೊತ್ತಿತ್ತು. ರಾಯಚೂರಿಗೆ ಬಂದೆವು. ಬಾಗಿಲಲ್ಲಿ ಸ್ವಪ್ನಾ ಹೊಸ ಸೀರೆ ಉಟ್ಟು ನಿಂತಿದ್ದಳು. ನಮ್ಮ ಮುಖ ನೋಡಿದವಳೇ ಒಳಗೆ ಹೋಗಿ ಆಸ್ಪತ್ರೆಯ ನರ್ಸ್ ಸಮವಸ್ತ್ರ ಹಾಕಿಕೊಂಡಳು. ರಜೆ ಹಾಕಿದ್ದರೂ ಡ್ಯೂಟಿಗೆ ಹೋದಳು.

ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಅಂಚು ಸೊಂಟದ ಕೆಳಗೇ ಬರುತ್ತಿತ್ತು.

ಆಗಸ್ಟ್ 19, ಮಂಗಳವಾರ

ಮನೆಯಲ್ಲಿ ಈಗ ನನ್ನ ಜೊತೆ ನೇರ ಮಾತಿಲ್ಲ.

"ಯವ್ವಾ, ಅಪ್ಪಗ ರೊಟ್ಟಿ ಆರಾಕತ್ತಾವ ಅನ್ನು," ಅನ್ನುತ್ತಾಳೆ ಸ್ವಪ್ನಾ. ನಾನು ಅವಳ ಎದುರಿಗೇ ಕೂತಿರುತ್ತೇನೆ. ಚಂದ್ರಕಲಾ ಅದನ್ನು ನನಗೆ ಮುಟ್ಟಿಸುವುದೂ ಇಲ್ಲ. ಆರಿದ ರೊಟ್ಟಿ ತಿಂದೆ.

ಆಗಸ್ಟ್ 24, ಭಾನುವಾರ

ನಿನ್ನೆಗೆ ಶ್ರಾವಣ ಮುಗಿಯಿತು.

ಕ್ಷಮೆ ಕೇಳಿ ಎಂದು ಚಂದ್ರಕಲಾ ನಾಲ್ಕು ದಿನದಿಂದ ಜೀವ ತಿನ್ನುತ್ತಿದ್ದಳು. ಇವತ್ತು ಕೇಳಿಯೇಬಿಟ್ಟೆ, ನನ್ನ ರೀತಿಯಲ್ಲಿ. ಧ್ವಜ ಸಂಹಿತೆಯ ಪುಟದ ಫೋಟೊ ತೆಗೆದು, ಸೊಂಟದ ಕೆಳಗಿನ ಸಾಲಿಗೆ ಕೆಂಪು ಗೆರೆ ಎಳೆದು, "ತಪ್ಪು ತಿಳಿಯಬೇಡಿ, ವೈಯಕ್ತಿಕವಾಗಿ ಏನೂ ಇಲ್ಲ" ಎಂದು ಬರೆದು ಗಡಿಗೆಪ್ಪನವರ ವಾಟ್ಸಾಪಿಗೆ ಕಳಿಸಿದೆ. ಎರಡು ಟಿಕ್ಕು ನೀಲಿಯಾದವು. ಉತ್ತರ ಬರಲಿಲ್ಲ. ಅರ್ಥವಾಗಿರಲಿಕ್ಕಿಲ್ಲ ಅಂತ ಕರವಸ್ತ್ರ, ದಿಂಬಿನ ಚೀಲ, ಉಡುಪಿನ ಬಟ್ಟೆಯ ಮೇಲೆ ಧ್ವಜ ಮುದ್ರಿಸಬಾರದೆಂಬ ಸಾಲನ್ನೂ ಕಳಿಸಿದೆ.

ಚಂದ್ರಕಲಾ ಫೋನು ಕಸಿದು ನೋಡಿ ಹಣೆ ಚಚ್ಚಿಕೊಂಡಳು. "ಕ್ಷಮಾ ಕೇಳ್ರಿ ಅಂದ್ರ ಕಾಯಿದೆ ಕಳಿಸೀರಲ್ರೀ! ಆ ಮನಷ್ಯಾಗ ಇನ್ನಾ ಏನ್ ಬಾಕಿ ಇಟ್ಟೀರಿ? ವಾರಂಟ್ ಒಂದು ಕಳಿಸ್ರಿ!"

ಆಗಸ್ಟ್ 28, ಗುರುವಾರ

ಸ್ವಪ್ನಾ ಮಾತಾಡಿದಳು. ನಿನ್ನೆ ಚೌತಿಯ ಕಡುಬು ಮುಟ್ಟಿರಲಿಲ್ಲ. ಇವತ್ತು ಡ್ಯೂಟಿಯಿಂದ ಬಂದು ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಯಪ್ಪಾ, ನೀ ಹೇಳಿದ್ದು ಖರೇನ ಅದ. ಅದಕ್ಕ ನನಗ ಸಿಟ್ಟು ಜಾಸ್ತಿ. ಸುಳ್ಳಿದ್ರ ಜಗಳಾನರ ಮಾಡತಿದ್ದೆ."

"ಮತ್ತ ನಾ ಏನ್ ಮಾಡಬೇಕಾಗಿತ್ತಬೇ? ಉಟ್ಟು ಕೂಡಬೇಕಿತ್ತಾ?"

"ಒಳಗ ಕರದು ಹೇಳಬೇಕಾಗಿತ್ತು. ದವಾಖಾನ್ಯಾಗ ಪೇಶೆಂಟ್ ಬಟ್ಟಿ ಸರದಿದ್ರ ನಾವು ಮೊದಲ ಪರದಾ ಎಳೀತೀವಿ. ಆಮ್ಯಾಲ ಹೇಳ್ತೀವಿ. ಇಷ್ಟ."

ಮೌನೇಶ ದಸರಾ ತನಕ ಕಾಯುತ್ತಾನಂತೆ. ಅವನ ಅಪ್ಪ ಒಪ್ಪದಿದ್ದರೆ ಅವನು ಎದುರು ನಿಲ್ಲುವವನಲ್ಲ. ಹಾಗೆ ನಿಲ್ಲು ಎಂದು ಇವಳೂ ಹೇಳುವವಳಲ್ಲ. "ನಾಲ್ಕು ಮಂದ್ಯಾಗ ತಲಿ ತಗ್ಗಿಸಿದವ್ರು ಅವರು. ಅವರಿಗೆ ನಾ ಏನಂತ ಹೇಳ್ಲಿ?" ಅಂದಳು. ಆಮೇಲೆ ಅತ್ತಳು. ಅವಳು ಅಳುವುದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಮೈದಾನದಲ್ಲಿ ಮಕ್ಕಳು ಅತ್ತರೆ ನೀರು ಕುಡಿಸುತ್ತೇನೆ, ಹಾಗೇ ನೀರು ತಂದುಕೊಟ್ಟೆ. ಕುಡಿದಳು.

ಪರದೆಯ ಮಾತು ಸಂಹಿತೆಯಲ್ಲಿ ಎಲ್ಲೂ ಇಲ್ಲ. ಮತ್ತೊಮ್ಮೆ ಪೂರ್ತಿ ಓದಿ ನೋಡಿದೆ.

ಸೆಪ್ಟೆಂಬರ್ 5, ಶುಕ್ರವಾರ, ದೇವದುರ್ಗ

ಶಿಕ್ಷಕರ ದಿನ. ಊರಿನ ಒಂದು ಸಂಘದವರು ವೇದಿಕೆಗೆ ಕರೆದು ನನಗೆ ಸನ್ಮಾನ ಮಾಡಿದರು. ಶಾಲು ಹೊದಿಸಿದ ಮೇಲೆ ನೋಡಿದರೆ ತ್ರಿವರ್ಣ, ಬೆನ್ನ ಮೇಲೆ ದೊಡ್ಡ ಚಕ್ರ. ಎದುರಿನ ಸಾಲಿನಲ್ಲಿ ಕೂತಿದ್ದ ಶಹಜಾದಿ ಬೇಗಂ ಕಣ್ಣು ಮುಚ್ಚಿಕೊಂಡರು. ಈಗ ಈ ಮನುಷ್ಯ ಮೈಕು ಹಿಡಿಯುತ್ತಾನೆ ಎಂದು ಅವರಿಗೆ ಗ್ಯಾರಂಟಿ ಇತ್ತು.

ನಾನು ಕೈ ಮುಗಿದು ಕೂತೆ. ಶಾಲು ಹೊದಿಸಿದ ಅಧ್ಯಕ್ಷರಿಗೆ ವಯಸ್ಸಾಗಿದೆ, ಕೈ ನಡುಗುತ್ತಿತ್ತು. ಹೇಗೂ ಶಾಲು ಸೊಂಟದ ಮೇಲೇ ಇತ್ತು, ಅದಕ್ಕೇ ಸುಮ್ಮನಾದೆ, ಬೇರೆ ಕಾರಣವಿಲ್ಲ. ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಅವರೊಬ್ಬರೇ ಸಿಕ್ಕರು, ಮುಂದಿನ ಸಲ ಬೇರೆ ಶಾಲು ಒಳ್ಳೆಯದೆಂದು ಹೇಳಿದೆ. "ಹೌದೇನ್ರಿ? ನಮಗ ಗೊತ್ತಾಗಲಿಲ್ಲ ನೋಡ್ರಿ," ಎಂದು ಇನ್ನೊಂದು ಕಪ್ ಚಹಾ ತರಿಸಿದರು. ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿತ್ತು.

ಸೆಪ್ಟೆಂಬರ್ 11, ಗುರುವಾರ

ಗಡಿಗೆಪ್ಪನವರ ಫೋನು! ಬಸ್ಸಿನಲ್ಲಿದ್ದೆ. ಕೈಯಿಂದ ಫೋನು ಜಾರಿ ಮುಂದಿನವರ ಬುಟ್ಟಿಗೆ ಬಿತ್ತು.

"ಮಾಸ್ತರ್ರ, ಒಂದು ಮಾತು ಕೇಳಬೇಕಾಗಿತ್ತು. ಕಾಯಿದಿ ಮಾತು." ಧ್ವನಿ ಗಡುಸಾಗಿತ್ತು. "ಆ ಎರಡೂ ಧೋತರ ಮನ್ಯಾಗ ಅದಾವ. ಉಡಾಕ ಬರಂಗಿಲ್ಲ ಅಂದ್ರಿ. ಬಿಸಾಡಾಕ ಬರತದೇನು? ಮನ್ಯಾಕಿ ಬೀರು ತಗಿಯಾಕ ಅಂಜಾಕತ್ತಾಳ."

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಸ್ಸು ತುಂಬ ಜನ, ಸದ್ದು ಬೇರೆ. ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ ಅಂತ, "ಐತವಾರ ನಾನೇ ಬರ್ತೀನ್ರಿ," ಅಂದೆ.

"ಬರ್ರಿ," ಅಂದರು.

ಸೆಪ್ಟೆಂಬರ್ 14, ಭಾನುವಾರ, ಮಾನ್ವಿಯಿಂದ ಬಂದ ಮೇಲೆ

ಮಿಲ್ಲಿಗೇ ಬರಹೇಳಿದ್ದರು. ಮನೆಗೆ ಕರೆಯಲಿಲ್ಲ ಎಂಬುದು ನನಗೆ ನಾಟಿತು. ಅಂಗಳದಲ್ಲಿ ಹಮಾಲರು ಭತ್ತದ ಚೀಲ ಇಳಿಸುತ್ತಿದ್ದರು. ಗಡಿಗೆಪ್ಪನವರು ಎರಡೂ ಧೋತರಗಳನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ಬಿಸಾಡಾಕ ಬರತದೇನಂತ ಕೇಳಿದ್ನಿ. ಇಲ್ಲೇ ಬಾಯ್ಲರ್ ಒಲಿ ಅದ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಎದ್ದರು. ಹೊಟ್ಟು ಉರಿಯುವ ಒಲೆ ಅದು, ಬಾಯಿ ತೆರೆದೇ ಇತ್ತು.

ಹಮಾಲರು ಚೀಲ ಬಿಟ್ಟು ನೋಡತೊಡಗಿದರು. ನನ್ನ ಗಂಟಲು ತಂತಾನೇ ತಯಾರಾಯಿತು. ಹತ್ತಿರ ಹೋಗಿ ಮೊಣಕೈ ಹಿಡಿದುಕೊಂಡೆ. "ಯಜಮಾನ್ರ, ಸ್ವಲ್ಪ ಈ ಕಡಿ ಬರ್ರಿ," ಅಂದೆ. ಗೋದಾಮಿನ ಹಿಂದೆ ಹೋದೆವು. ಅಲ್ಲಿ ಬೇವಿನ ಗಿಡ, ಸ್ವಚ್ಛ ನೆಲ, ಯಾರೂ ಇಲ್ಲ.

"ಒಲ್ಯಾಗ ಹಾಕಬಾರದ್ರಿ," ಅಂದೆ. "ಬಳಸಾಕ ಬಾರದ ಧ್ವಜಾನ ಒಂದು ಸ್ವಚ್ಛ ಜಾಗಾದಾಗ ಪೂರ್ತಿ ಸುಡಬೇಕು. ಮಂದಿ ಮುಂದ ಅಲ್ಲ. ಏಕಾಂತದಾಗ, ಮರ್ಯಾದಿಲೆ."

"ಮಂದಿ ಮುಂದ ಬಾರದು?"

"ಬಾರದ್ರಿ."

ಗಡಿಗೆಪ್ಪನವರು ಬೇವಿನ ಗಿಡದ ಕಡೆ ನೋಡುತ್ತಾ ನಿಂತರು. "ಝಂಡಾಕ್ಕರ ಅಷ್ಟು ಮರ್ಯಾದಿ ಅದ. ಚಲೋ ಅದ ಬಿಡ್ರಿ," ಅಂದರು.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಈ ಸಾಲನ್ನು ಎಷ್ಟು ತಂಡದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಬಾಯಿಗೆ ಮಾತ್ರ ಆದ ಪಾಠ.

"ನನ್ನದು ತಪ್ಪಾತ್ರಿ," ಅಂದೆ. ಇನ್ನೂ ಏನೇನೋ ಬಸ್ಸಿನಲ್ಲಿ ತಯಾರಿ ಮಾಡಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ. "ನೀವು ಪ್ರೀತಿಲೆ ಮಾಡಿಸಿದ್ರಿ. ನಾ ನಾಲ್ಕು ಮಂದ್ಯಾಗ ತಾಟ ತಿರುಗಿಸಿದ್ನಿ. ನನ್ನ ಮ್ಯಾಲಿನ ಸಿಟ್ಟು ನನ್ನ ಮ್ಯಾಲ ಇರಲ್ರಿ. ಹುಡುಗಿ ಮ್ಯಾಲ ಬ್ಯಾಡ್ರಿ."

ಅವರು ಗಂಟಿನ ಧೋತರ ಬಿಚ್ಚಿ ನೆಲದ ಮೇಲೆ ಹಾಸಿದರು. ಬಹಳ ಚಂದ ಮಾಡಿಸಿದ್ದರು, ಅಂದು ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. "ಝಂಡಾದ ಗಾಲಿ ಬರೋಬ್ಬರಿ ಬರಬೇಕಂತ ಎರಡು ಸಲ ತಿರುಗಿ ಮಾಡಿಸೀನ್ರಿ," ಅಂದರು ಮೆಲ್ಲಗೆ. ಇಬ್ಬರೂ ಎರಡು ತುದಿ ಹಿಡಿದು ಮಡಿಚಿದೆವು. ಕಡ್ಡಿ ಗೀರಿದವರು ಅವರು. ನಾನು ಅಭ್ಯಾಸಬಲದಿಂದ ಸಾವಧಾನ್ ನಿಂತೆ. ನೋಡಿದರೆ ಅವರೂ ನಿಂತಿದ್ದರು, ಹೊಟ್ಟೆ ಒಳಗೆ ಎಳೆದುಕೊಂಡು. ಉರಿ ಆರುವ ತನಕ ಹಾಗೇ ನಿಂತೆವು. ಸೊಂಟ ನೋವು ಬಂತು.

ಬೂದಿ ಆರಿದ ಮೇಲೆ ಗಡಿಗೆಪ್ಪನವರು ಬಗ್ಗಿದರು. ದಿನಾ ಪೂಜೆಯಲ್ಲಿ ವಿಭೂತಿ ಹಚ್ಚಿ ರೂಢಿಯಾದ ಬೆರಳು, ಬೂದಿ ಮುಟ್ಟಿ ಹಣೆಗೆ ಮೂರು ಗೆರೆ ಎಳೆದುಕೊಂಡುಬಿಟ್ಟರು. ಆಮೇಲೆ ಗಾಬರಿಯಾಗಿ ನನ್ನ ಕಡೆ ನೋಡಿದರು. "ಇದೂ ಅಪರಾಧ ಏನ್ರಿ?"

ಬೂದಿಯ ಬಗ್ಗೆ ಸಂಹಿತೆಯಲ್ಲಿ ಏನೂ ಇಲ್ಲ. ನಾನೂ ಬಗ್ಗಿ ಹಚ್ಚಿಕೊಂಡೆ. ಅವರಿಗೆ ನಗು ಬಂತು, ನನಗೂ ಬಂತು. ಮನೆಗೆ ಕರೆಯಲಿಲ್ಲ, ಆದರೆ ಬಸ್ ಸ್ಟ್ಯಾಂಡಿನ ತನಕ ತಾವೇ ಗಾಡಿಯಲ್ಲಿ ಬಿಟ್ಟರು. ಸಂಬಂಧದ ಮಾತನ್ನು ಅವರೂ ಎತ್ತಲಿಲ್ಲ, ಕೇಳಲು ನನಗೂ ಬಾಯಿ ಬರಲಿಲ್ಲ.

ಮನೆಯಲ್ಲಿ ಸ್ವಪ್ನಾ ನನ್ನ ಹಣೆ ನೋಡಿ, "ಏನದು?" ಎಂದಳು. ಹೇಳಿದೆ. ಪೂರ್ತಿ ಕೇಳಿ ಒಳಗೆ ಹೋದಳು. ರಾತ್ರಿ ರೊಟ್ಟಿ ಬಿಸಿ ಇದ್ದವು.

ಸೆಪ್ಟೆಂಬರ್ 17, ಬುಧವಾರ

ನಿಜಾಮನ ಕೈಯಲ್ಲಿದ್ದ ನಮ್ಮ ಕಡೆಗೆ ಸ್ವಾತಂತ್ರ್ಯ ಒಂದು ವರ್ಷ ತಡವಾಗಿ ಬಂತು, ಅದಕ್ಕೇ ಇಲ್ಲಿ ಇವತ್ತೂ ಧ್ವಜ ಏರುತ್ತದೆ. ಉಳಿದ ನಾಡಿಗೆ ಒಂದು ಹಬ್ಬ, ಝಂಡಾ ಮಾಸ್ತರನಿಗೆ ಎರಡು.

ಬೆಳಿಗ್ಗೆ ಎದ್ದದ್ದು ತಡವಾಯಿತು. ಪಿನ್ನು ಚುಚ್ಚಿಡಲು ನಿನ್ನೆ ಮರೆತಿದ್ದೆ. ಹುಡುಕುತ್ತಿರುವಾಗ ಸ್ವಪ್ನಾ ಡಬ್ಬಿ ಹಿಡಿದು ಬಂದಳು. "ನಿಂದ್ರು, ನಾ ಹಚ್ತೀನಿ," ಅಂದಳು. ಒಂದು ತಿಂಗಳಿನಿಂದ ನನ್ನ ಹತ್ತಿರ ಸರಿಯಾಗಿ ಸುಳಿಯದ ಹುಡುಗಿ ಎದುರಿಗೆ ನಿಂತು, ಅಂಗಿ ಹಿಡಿದು, ಪಿನ್ನು ಚುಚ್ಚಿದಳು. ನನ್ನ ಕಣ್ಣು ತುಂಬಿಬಂತು. ಮೇಲೆ ಜಂತಿಯ ಕಡೆ ನೋಡುತ್ತಾ ನಿಂತೆ. ಬಸ್ಸಿನ ಹೊತ್ತಾಗಿತ್ತು, ಓಡಿದೆ.

ಶಾಲೆಯಲ್ಲಿ ಸಾಲಿನಲ್ಲಿ ನಿಂತ ಮಕ್ಕಳು ಯಾಕೋ ಮುಸಿಮುಸಿ ನಗುತ್ತಿದ್ದರು. ಗದರಿಸಿದೆ. ಶಹಜಾದಿ ಬೇಗಂ ಏನೋ ಹೇಳಲು ಬಂದು, ನನ್ನ ಮುಖ ನೋಡಿ ಹಾಗೇ ಹೋದರು. ಧ್ವಜ ಏರಿತು, ಹಾಡು ಮುಗಿಯಿತು. ತಿರುಗಿ ನೋಡಿದರೆ ಗೇಟಿನ ಹತ್ತಿರ ಗಡಿಗೆಪ್ಪನವರು, ಪಕ್ಕದಲ್ಲಿ ಮೌನೇಶ. ಅಪ್ಪ ಮಗ ಇಬ್ಬರೂ ಬಿಳಿ ಬಟ್ಟೆ ಹಾಕಿದ್ದರು, ಎಡ ಎದೆಯ ಮೇಲೆ ಪುಟ್ಟ ಪಿನ್ನು.

"ನಿಮ್ಮ ಸಾಲಿ ಝಂಡಾ ನೋಡೂನಂತ ಬಂದ್ವಿ," ಅಂದರು. ಮಕ್ಕಳೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವರು ನನ್ನ ಕೈ ಹಿಡಿದು, ಏನೋ ಗುಟ್ಟಿನ ಮಾತಿದೆ ಎಂಬಂತೆ, ನೀರಿನ ಟಾಕಿಯ ಹಿಂದೆ ಕರೆದುಕೊಂಡು ಹೋದರು. ಹೋಯಿತು, ಸಂಬಂಧ ಬೇಡ ಅಂತ ಹೇಳಲು ಬಂದಿದ್ದಾರೆ ಅಂದುಕೊಂಡೆ.

ಅವರು ಕಿವಿಯ ಹತ್ತಿರ ಬಾಯಿ ತಂದರು.

"ಬೀಗರ, ನಿಮ್ಮ ಎದಿಮ್ಯಾಗಿನ ಝಂಡಾ ತಲಿಕೆಳಗ ಆಗ್ಯದ."

ಬಗ್ಗಿ ನೋಡಿದೆ. ಹಸಿರು ಮೇಲೆ, ಕೇಸರಿ ಕೆಳಗೆ. ರಾಯಚೂರಿನಿಂದ ದೇವದುರ್ಗದ ತನಕ ಬಸ್ಸಿನಲ್ಲಿ, ಇಡೀ ಶಾಲೆಯ ಎದುರಿಗೆ, ಧ್ವಜಸ್ತಂಭದ ಬುಡದಲ್ಲಿ, ಹೀಗೇ ನಿಂತಿದ್ದೆ. ಮಕ್ಕಳು ಯಾಕೆ ನಗುತ್ತಿದ್ದರು ಎಂದು ಈಗ ತಿಳಿಯಿತು. ನನಗೆ ಹೇಳುವ ಧೈರ್ಯ ಯಾರಿಗಿತ್ತು?

ಗಡಿಗೆಪ್ಪನವರು ಮೈದಾನಕ್ಕೆ ಬೆನ್ನು ಮಾಡಿ ಅಡ್ಡ ನಿಂತರು. ದಪ್ಪ ಬೆರಳುಗಳಿಂದ ಪಿನ್ನು ಬಿಚ್ಚಿ, ತಿರುಗಿಸಿ, ಮತ್ತೆ ಚುಚ್ಚಿದರು. ಒಂದು ಸಲ ನನ್ನ ಮೈಗೂ ಚುಚ್ಚಿತು, ನಾನು ಹಾಂ ಅನ್ನಲಿಲ್ಲ. "ಈ ಹಿರಿಯರ ಪಕ್ಷಮಾಸ ಮುಗೀಲಿ. ದಸರಾ ಆದ ಮ್ಯಾಲ ಸಕ್ಕರಿ ತಿನ್ನೂಣು. ಈ ಸಲ ಬರೇ ಬಿಳಿ ಧೋತರ," ಅಂದರು. ನಾನು ಅವರ ಕೈ ಹಿಡಿದುಕೊಂಡೆ.

ಸಂಜೆ ಸುದ್ದಿ ಕೇಳಿ ಚಂದ್ರಕಲಾ ದೇವರ ಮುಂದೆ ದೀಪ ಹಚ್ಚಿದಳು. ಸ್ವಪ್ನಾ ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದಳು. ಆಮೇಲೆ ಬಂದು, ನನ್ನ ಅಂಗಿಯಿಂದ ಪಿನ್ನು ತೆಗೆದು ಡಬ್ಬಿಗೆ ಹಾಕುತ್ತಾ ಕೇಳಿದಳು:

"ಯಪ್ಪಾ, ಪಿನ್ನು ಬರೋಬ್ಬರಿ ಕುಂತಿತ್ತಾ? ಮುಂಜಾನಿ ನಾ ಗಡಿಬಿಡ್ಯಾಗ ಹಚ್ಚಿದ್ದೆ."

"ಬರೋಬ್ಬರಿ ಕುಂತಿತ್ತಬೇ," ಅಂದೆ. "ನಿಮ್ಮ ಮಾವನೂ ನೋಡಿದ್ರು."